ಅಪ್ಪನ ಪಾಂಟಿಯಾಕ್‌ಗೆ ಕರೆಂಟಿನ ಪಂಪು ಬೇಡ

ವೆಂಡೆಲ್,

ನೀನು ತಂದ ಕರೆಂಟಿನ ಪಂಪು ಮೇಜಿನ ಮೇಲಿದೆ, ವಾಪಸ್ ಕೊಡು. ಅಪ್ಪ ನಮ್ಮಿಬ್ಬರಿಗೆ ಬಿಟ್ಟುಹೋದ ಕಾರಿನ ಕೆಟ್ಟ ಪೆಟ್ರೋಲ್ ಪಂಪನ್ನು ಚಿಂದಿಯಲ್ಲಿ ಸುತ್ತಿಕೊಂಡು ಟೊಲೆಡೊದ ಹಳೇ ಬಿಡಿಭಾಗಗಳ ಸಂತೆಗೆ ಹೊರಟಿದ್ದೇನೆ. ಇಂಥದ್ದೇ ಇನ್ನೊಂದು ಸಿಗದೆ ಬರುವುದಿಲ್ಲ.

“ಭಾನುವಾರ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಮಾರ್ಬಿಡ್ತೀನಿ, ಪ್ರೊಫೆಸರಮ್ಮ” ಅಂದೆಯಲ್ಲ, ಆಗುತ್ತದೆ ನೋಡು.

ನಿನ್ನ ಪಂಪು ಕೀಲಿ ತಿರುಗಿಸಿದೊಡನೆ ಗುಂಯ್‌ಗುಟ್ಟಿ ಪೆಟ್ರೋಲು ಏರಿಸಿಬಿಡುತ್ತದೆ. ಹಳೆಯದರಲ್ಲಿ ಪೆಟ್ರೋಲು ಮೇಲೇರಲು ಎರಡು ಸಲ ಸ್ಟಾರ್ಟ್ ಮಾಡಬೇಕು. ನಡುವೆ ಅರ್ಧ ನಿಮಿಷ ಅಪ್ಪ ಸ್ಟೀರಿಂಗ್ ಹಿಡಿದು ಕಾಯುತ್ತಾ ಕೂರುತ್ತಿದ್ದ, ಪಕ್ಕದಲ್ಲಿ ನಾನು. ಅವನು ನನ್ನ ಬಗ್ಗೆ ಏನಾದರೂ ಕೇಳಿದ್ದರೆ ಅದು ಆಗ ಮಾತ್ರ. ಆ ಅರ್ಧ ನಿಮಿಷವನ್ನು ಮಾರಲು ಬಿಡುವುದಿಲ್ಲ.

ಪೆಟ್ರೋಲ್ ಪೈಪಿನ ಬಾಯಿಗೆ ಬರೀ ಬೋಲ್ಟ್ ತುರುಕಿದ್ದೇನೆ, ಗ್ಯಾರೇಜಿನಲ್ಲಿ ಸಿಗರೇಟು ಹಚ್ಚಬೇಡ. ಕಾರಿನ ಕೀಲಿ ಹುಡುಕಬೇಡ, ನನ್ನ ಜೇಬಿನಲ್ಲಿದೆ.

ಕೋರಾ