ಹಾಳಾದ ಕಂಟ್ರೋಲ್

ಮಾರ್ಚ್ 3, ಬೆಳಿಗ್ಗೆ

ಲ್ಯಾಬಿನ ಫ್ರೀಜರ್ ಕ್ಲೀನಿಂಗ್ ಇನ್ನೂ ಮುಗಿದಿಲ್ಲ. ರಿಟೈರ್ ಆಗಲು ಇಪ್ಪತ್ತೆಂಟು ದಿನ, ಅಷ್ಟರಲ್ಲಿ ಹಳೆಯದೆಲ್ಲ ಖಾಲಿಯಾಗಬೇಕಂತೆ. ಕಪಾಟಿನ ಹಿಂದೆ ನನ್ನ ಹಳೆಯ ನೋಟ್‌ಬುಕ್ ಸಿಕ್ಕಿತು. ಕಾಗೆಕಾಲು ಗುಬ್ಬಿಕಾಲು ಅಕ್ಷರ. ‘ಕಂಟ್ರೋಲ್ ಹಾಳು. ಪ್ಲೇಟ್ ಎಸೆದೆ.’ ಹದಿನೆಂಟು ವರ್ಷದ ಹಿಂದೆ ಹದಿನಾಲ್ಕು ಸಲ ಹೀಗೇ ಬರೆದಿದ್ದೇನೆ.

ಆ ಕಂಟ್ರೋಲ್ ಅಮ್ಮನ ರಕ್ತ. ಆಗ ಲ್ಯಾಬಿನ ಪದ್ಧತಿಯೇ ಹಾಗೆ — ಹೋಲಿಸಿ ನೋಡಲು ಫ್ಲೂ ಬಾರದವರ ರಕ್ತ ಬೇಕೆಂದರೆ ಮನೆಯವರನ್ನೇ ಕರೆತರುವುದು. ಅಮ್ಮ ತೋಳು ಚಾಚಿ ಕೂತಿದ್ದಳು. “ನಂಗೆ ಯಾವ ಜ್ವರಾನೂ ಬಂದಿಲ್ಲ ಕಣೋ. ಶಿಶುವಿಹಾರದ ಮಕ್ಕಳ ಮೂಗು ಒರೆಸೋದ್ರಲ್ಲೇ ಮೂವತ್ತು ವರ್ಷ ಹೋಯ್ತು. ಮಲಗೋಕೆ ಪುರುಸೊತ್ತೆಲ್ಲಿತ್ತು?”

ಎರಡು ಸಲ ಚುಚ್ಚಿದರೂ ನನಗೆ ನರ ಸಿಗಲಿಲ್ಲ. “ಕೊಡು ಇಲ್ಲಿ, ನಾನೇ ಚುಚ್ಕೋತೀನಿ” ಎಂದು ನಕ್ಕಿದ್ದಳು. ತುಂಬಾ ನೆನಪಾಗುತ್ತಾಳೆ.

ಮಾರ್ಚ್ 4

ಹಲ್ಲುಜ್ಜುವಾಗ ಹೊಳೆಯಿತು. ಬ್ರಷ್ ಬಾಯಲ್ಲೇ ಉಳಿಯಿತು.

ಆ ಹದಿನಾಲ್ಕು ಪರೀಕ್ಷೆಯ ಪ್ಲೇಟಿನಲ್ಲಿದ್ದದ್ದು ಬೇರೆ ಬೇರೆ ತಳಿಯ ಫ್ಲೂ ವೈರಸ್. ಹಕ್ಕಿಜ್ವರದ್ದೂ ಇತ್ತು. ರಕ್ತದಲ್ಲಿ ರೋಗ ತಡೆಯುವ ಆಂಟಿಬಾಡಿ ವೈರಸ್ಸನ್ನು ಗುರುತು ಹಿಡಿದರೆ ಹಳದಿ ಬಣ್ಣ ಬರಬೇಕು. ಅಮ್ಮನ ರಕ್ತಕ್ಕೆ ಬರಬಾರದಿತ್ತು, ಎಲ್ಲದರಲ್ಲೂ ಬಂತು. ಏನೋ ಬೆರೆತುಹೋಗಿದೆ ಎಂದು ನನ್ನನ್ನೇ ಬೈದುಕೊಂಡು ಎಸೆದೆ. ಏನೂ ಬೆರೆತಿರಲಿಲ್ಲ, ಅದು ಅಮ್ಮನ ರಕ್ತದ್ದೇ ಗುಣ. ಎಲ್ಲ ತಳಿಯನ್ನೂ ಹಿಡಿಯುವ ಒಂದು ಆಂಟಿಬಾಡಿಗಾಗಿ ಆಯುಷ್ಯವೆಲ್ಲ ಹುಡುಕಿದೆ... ಅದು ಅಡುಗೆಮನೆಯಲ್ಲಿ ನನಗೆ ಬಡಿಸುತ್ತ ನಿಂತಿತ್ತು. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಮಾರ್ಚ್ 9

ಸಿಕ್ಕಿತು. ಕೊರೆಯುವ ದ್ರವ ನೈಟ್ರೋಜನ್ ಟ್ಯಾಂಕಿನ ತಳದಲ್ಲಿ ಒಂದೇ ಟ್ಯೂಬು, ಅಮ್ಮನ ರಕ್ತದ ಕೋಶಗಳು. ಜೀವ ಇದ್ದರೆ ಆ ಆಂಟಿಬಾಡಿ ಮಾಡುವ ಕೋಶವನ್ನು ಹೆಕ್ಕಬಹುದು. ಆದರೆ ಟ್ಯಾಂಕ್ ಮಧ್ಯೆ ಎರಡು ಸಲ ಬತ್ತಿ ತಂಪು ಕಳೆದಿತ್ತೆಂದು ರಿಜಿಸ್ಟರಿನಲ್ಲಿದೆ. ಕರಗಿಸುವುದು ಒಂದೇ ಸಲ. ಸತ್ತಿದ್ದರೆ ಮುಗಿಯಿತು.

ಅಕ್ಕನಿಗೆ ಫೋನ್ ಮಾಡಿದೆ. ಟ್ಯೂಬಿನ ವಿಷಯ ಹೇಳಿದೆ.

“ಅಮ್ಮ ಹೋಗಿ ಆರು ವರ್ಷ ಆಯ್ತು. ಅವಳದ್ದು ಇನ್ನೂ ಏನೋ ಇದೆ ಅಂತ ಈಗ ಹೇಳ್ತೀಯಲ್ಲೋ.” ಆಮೇಲೆ, “ಕರಗಿಸಿದ್ಮೇಲೆ ಅದೂ ಹೋಗ್ಬಿಟ್ರೆ?”

“ಹೋಗ್ಬಹುದು ಅಕ್ಕಾ.”

ಅತ್ತಳು. ಮೂಗು ಸೀಟಿಕೊಂಡಳು. “ಮಾಡು. ಅಮ್ಮ ಯಾವತ್ತು ಸುಮ್ನೆ ಕೂತಿದ್ಲು?”

ಮಾರ್ಚ್ 27, ಬೆಳಿಗ್ಗೆ 10.20

ಹದಿನೆಂಟು ದಿನ ದಿನಕ್ಕೊಂದು ನೆಪ. ಹೆದರಿಕೆ, ಇನ್ನೇನು. ನನ್ನ ಜಾಗಕ್ಕೆ ಬರುವವಳು, ನಾನು ಕನ್ನಡಕ ಎಂದು ಕರೆಯುವವಳು, “ನಾನು ಮಾಡ್ಲಾ ಸರ್?” ಎಂದಳು. ಬೇಡ ಎಂದೆ. ಟ್ಯೂಬನ್ನು ಬೆಚ್ಚಗಿನ ನೀರಿನಲ್ಲಿ ನಾನೇ ಹಿಡಿದೆ. ಕರಗಲು ಎರಡು ನಿಮಿಷವೂ ಹಿಡಿಯಲಿಲ್ಲ, ಅಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

10.55

ನೀಲಿ ಬಣ್ಣ ಹಾಕಿದ್ದೇನೆ. ಸತ್ತ ಕೋಶಕ್ಕೆ ಬಣ್ಣ ಹತ್ತುತ್ತದೆ. ಬದುಕಿದ್ದು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಣ್ಣು ಮೈಕ್ರೋಸ್ಕೋಪಿನಲ್ಲಿ, ಕೈಯಲ್ಲಿ ಪೆನ್ನು.

ಎಣಿಕೆ ಗಾಜಿನ ಮೊದಲ ಚೌಕ — ಎಲ್ಲ ನೀಲಿ.

ಎರಡನೆಯದು — ನೀಲಿ.

ಮೂರು. ಅದೂ.

ಕನ್ನಡಕ ಪಕ್ಕದಲ್ಲೇ ನಿಂತಿದ್ದಾಳೆ.

ನಾಲ್ಕನೆಯದರ ಮೂಲೆಯಲ್ಲಿ ಒಂದು... ಬಣ್ಣ ಹತ್ತಿಲ್ಲ. ಪಕ್ಕದಲ್ಲಿ ಇನ್ನೆರಡು. ದುಂಡಗೆ, ತಿಳಿಯಾಗಿ. ಅಮ್ಮಾ, ನೀನು ಇನ್ನೂ ಇದ್ದೀಯ.