ಕ್ಯಾಸೆಟ್ಟಿನ ಖಾಲಿ ಬದಿ

ಮಿಷನ್ ಹಳ್ಳಿ, ಓವರ್‌ಬರ್ಗ್
ಗುಡ್ ಫ್ರೈಡೆ, 1994

ಮಿಸ್ ಹಾರ್ಟ್ಲಿ ಅವರಿಗೆ ದೇವರ ಕೃಪೆ ಇರಲಿ.

ಇವತ್ತು ಉಪವಾಸ. ಕೋಳಿಗಳನ್ನು ಗೂಡಿನಿಂದ ಹೊರಬಿಟ್ಟು, ಒಲೆಯ ಬೂದಿ ತೆಗೆದು, ಈಸ್ಟರ್‌ಗೆಂದು ನಾಳೆ ಸಮಾಧಿಗಳಿಗೆ ಬಳಿಯುವ ಸುಣ್ಣ ಕಲಸಿಟ್ಟು ಬರೆಯಲು ಕೂತೆ.

ಅಮ್ಮ ತೀರಿಕೊಳ್ಳುವ ಮೊದಲು ನೀವು ಹಿಡಿದಿಟ್ಟ ಅವಳ ಮಾತಿನ ಕ್ಯಾಸೆಟ್ ತಲುಪಿತು. ನಿಮ್ಮ ಜೊತೆ ಅವಳು ಆಡಿದ್ದು ಇಂಗ್ಲಿಷ್, ಆದರೆ ಅದರ ನಡಿಗೆಯೆಲ್ಲ ನಮ್ಮ ಮನೆಮಾತು ಆಫ್ರಿಕಾನ್ಸ್‌ನದು. ಇಂಥ ಮಾತನ್ನು ಬರೆದಿಡುವುದೇ ನಿಮ್ಮ ಕೆಲಸವಂತೆ, ಸಂತೋಷ.

ಅವತ್ತು ನಿಮ್ಮ ಕಣ್ಣಿಗೂ ಕಿವಿಗೂ ಬೀಳದೆ ಕ್ಯಾಸೆಟ್ಟಿನಲ್ಲಿ ಮಾತ್ರ ಕೇಳಿಸುವ ಮಗು ಯಾರದು, ಹೆತ್ತವರ ಸಹಿ ಬೇಕು ಎಂದು ಬರೆದಿದ್ದೀರಿ. ಸಹಿ ಹಾಕಬೇಕಾದ ಅಮ್ಮನೇ ಹೋದಳು. ಅದು ನನ್ನ ಅಕ್ಕ ರಾಖೆಲ್. ನಾನು ತೊಟ್ಟಿಲಲ್ಲಿದ್ದಾಗ, ಆರು ವರ್ಷಕ್ಕೇ ಸತ್ತಳು. ಇಂಗ್ಲಿಷ್ ಅವಳಿಗೆ ಗೊತ್ತಿರಲಿಲ್ಲ. ಅದಕ್ಕೇ ಅವಳ ಕಡೆ ತಿರುಗಿದಾಗ ಅಮ್ಮನ ಬಾಯಲ್ಲಿ ಒಂದು ಇಂಗ್ಲಿಷ್ ಪದವೂ ಬರುವುದಿಲ್ಲ.

"ಸುಮ್ನಿರೇ, ಪಟ್ಟಣದಮ್ಮ ಏನೋ ಕೇಳ್ತಿದಾರೆ" ಅಂತಾಳೆ ಅಮ್ಮ.

"ನಮ್ಮ ಪಾಪು ಎಲ್ಲಮ್ಮಾ? ನನ್ ಹತ್ರ ಯಾಕೆ ಮಾತಾಡಲ್ಲ?" ಅಂತಾಳೆ ಅಕ್ಕ.

"ಚರ್ಚಿಗೆ ಹೋಗಿದಾಳೆ. ಪಾಪು ಅಂತೆ, ಪಾಪು! ಅದಕ್ಕೀಗ ಐವತ್ತು. ನಿನ್ ದನಿ ಕೇಳಿದ್ರೆ ಮಾತಾಡ್ತಾಳೆ ಬಿಡು."

ಮೂರು ಸಲ ಕೇಳಿದೆ. ಪಾದ್ರಿಗೆ ಹೇಳಿಲ್ಲ. ಕ್ಯಾಸೆಟ್ಟಿನ ಖಾಲಿ ಬದಿಯಲ್ಲಿ ಅಕ್ಕನಿಗೆ ಉತ್ತರ ಹೇಳಿದ್ದೇನೆ, ಬರೀ ಮನೆಮಾತಿನಲ್ಲಿ. ಅವತ್ತು ಅವಳ ದನಿ ಹಿಡಿದ ಅದೇ ಯಂತ್ರಕ್ಕೆ ಹಾಕಿ, ಹತ್ತಿರ ಯಾರೂ ಕೂರದೆ, ಕೊನೆಯವರೆಗೂ ಓಡಲು ಬಿಡಿ. ಕ್ಯಾಸೆಟ್ಟನ್ನು ಅಂಚೆಗೆ ಹಾಕಲು ಮನಸ್ಸಾಗಲಿಲ್ಲ, ನನ್ನ ಹತ್ತಿರವೇ ಇದೆ. ಮಗು ಬಹಳ ಕಾದಿದೆ, ಯಾರನ್ನಾದರೂ ಕಳಿಸಿ ನನ್ನ ಉತ್ತರ ತರಿಸಿಕೊಳ್ಳಿ.

ನಿಮಗಾಗಿ ಪ್ರಾರ್ಥಿಸುವ,
ಡೋರ್ಥಿಯಾ ಅಪೊಲ್ಲಿಸ್