ಕೆಂಪು ಬಣ್ಣ ಹಾಕಿದ ಮನೆ

ಕಾಲಿಮ್ನೋಸ್
೮ ಏಪ್ರಿಲ್ ೧೯೫೩, ಬುಧವಾರ

ಪ್ರೀತಿಯ ಎವ್ದೊಕಿಯಾ ಅಕ್ಕ,

ಕ್ರಿಸ್ತ ಎದ್ದು ಬಂದಿದ್ದಾನೆ! ಭಾವನಿಗೂ ಮಕ್ಕಳಿಗೂ ಹಬ್ಬದ ಮುತ್ತುಗಳು. ನಿನ್ನ ಬುಟ್ಟಿ ಶನಿವಾರದ ಹಡಗಿನಲ್ಲೇ ಬಂತು. ಸಿಕ್ಕಿತೆಂದು ಒಂದು ಸಾಲು ಬರೆಯಲು ಇಷ್ಟು ತಡ ಮಾಡಿದೆ, ಬೈಯಬೇಡ. ಮಗಳು ಫ್ರೋಸೊಗೆ ಷೂ ಸರಿಯಾಗಿ ಕೂತಿವೆ. ಹಾಕಿಕೊಂಡೇ ಮಲಗುತ್ತೇನೆ ಎಂದು ಹಟ ಮಾಡಿದಳು. ಬೆಣ್ಣೆ ಬಿಸ್ಕತ್ತು ಅತ್ತೆಯ ಪಾಲಾಯಿತು. ಹಲ್ಲಿಲ್ಲ ಎಂದು ಗೋಳಾಡುವ ಮುದುಕಿ ಅದನ್ನು ಹೇಗೆ ಮುಗಿಸಿದಳೋ ದೇವರೇ ಬಲ್ಲ.

ಸ್ತಮಾತಿಸ್‌ನ ಸುದ್ದಿ ಇಲ್ಲ. ಜನವರಿಯಲ್ಲಿ ದೋಣಿಗೆ ಕಿತ್ತಳೆ ತುಂಬಿಕೊಂಡು ನಿಮ್ಮ ಪಿರೇಯಸ್ ಬಂದರಿಗೆ ಹೊರಟ ನನ್ನ ಗಂಡ ಅಲ್ಲಿಗೂ ಮುಟ್ಟಲಿಲ್ಲ, ಇಲ್ಲಿಗೂ ಮರಳಲಿಲ್ಲ. ಟರ್ಕಿಯ ಕಡೆ ಯಾವುದೋ ಬಂದರಿನಲ್ಲಿ ಹಿಡಿದಿಟ್ಟಿರಬಹುದು ಎಂದು ಹೇಳಿಕೊಳ್ಳುತ್ತಾ ಬಂದಿದ್ದೇನೆ. ಹೇಳಿ ಹೇಳಿ ಈಗ ನನಗೇ ನನ್ನ ಮಾತಿನ ಮೇಲೆ ಸಂಶಯ.

ಈಸ್ಟರ್‌ಗೆ ಮುಂಚಿನ, ಮೊಟ್ಟೆಗೆ ಬಣ್ಣ ಹಾಕುವ ಗುರುವಾರ ಹತ್ತಿರವಾದಂತೆ ಇಡೀ ಬೀದಿಯ ಕಣ್ಣು ನಮ್ಮ ಅಡುಗೆಮನೆಯ ಮೇಲೆ. ಸಾವಾದ ಮನೆಯವರು ಆ ವರ್ಷ ಮೊಟ್ಟೆಗೆ ಕೆಂಪು ಹಾಕುವುದಿಲ್ಲವಲ್ಲ, ಹೊರಗಿನವರೇ ತಂದು ಕೊಡಬೇಕು. ನಾನು ಬಣ್ಣ ಹಾಕಿದರೆ ಅವನು ಬದುಕಿದ್ದಾನೆ ಎಂದಂತೆ. ಹಾಕದಿದ್ದರೆ ನನ್ನ ಕೈಯಾರೆ ಅವನನ್ನು ಮುಳುಗಿಸಿದಂತೆ. ನನಗಂತೂ ಪಾತ್ರೆ ಒಲೆಗೇರಿಸುವ ಧೈರ್ಯವೂ ಇರಲಿಲ್ಲ, ಇಳಿಸುವ ಧೈರ್ಯವೂ ಇರಲಿಲ್ಲ.

ದಾರಿ ತೋರಿಸಿದವಳು ಅತ್ತೆ. ಅಂಗಡಿಗೆ ಹೋಗಿ ಬೀದಿಗೆಲ್ಲ ಕೇಳುವ ಹಾಗೆ, "ಕೆಂಪು ಪುಡಿ ಜಾಸ್ತೀನೇ ಕೊಡಪ್ಪ! ನನ್ನ ಮಗ ಮೊಟ್ಟೆ ತಿನ್ನೋದ್ರಲ್ಲಿ ರಾಕ್ಷಸ, ಗೊತ್ತಲ್ಲ!" ಎಂದಳಂತೆ. ಬಂದವಳೇ ಏಪ್ರನ್ ಬಿಗಿದು ನಿಂತಳು. ನಾವು ಬಣ್ಣ ಕದಡುತ್ತಿರುವಾಗ ಪಕ್ಕದ ಮನೆಯ ಕಲ್ಯೋಪಿ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ.

"ಏನೇ ಅದು?" ಎಂದಳು ಅತ್ತೆ.

"ಬೇಜಾರು ಮಾಡ್ಕೋಬೇಡಿ ಅಮ್ಮ. ನಾಲ್ಕು ಕೆಂಪು ಮೊಟ್ಟೆ. ಮಗೂಗೆ..."

"ಯಾರು ಸತ್ತಿದ್ದಾರೆ ಅಂತ ತಂದೆ? ಸಮುದ್ರ ಬಂದು ನಿನ್ನ ಕಿವೀಲಿ ಹೇಳಿತೇನೇ? ನೋಡು, ಪಾತ್ರೆ ತುಂಬ ಬಣ್ಣ ಇದೆ. ಬೇಕಿದ್ರೆ ನಿಮ್ಮನೆಗೂ ಒಯ್ಯಿ!"

ಕಲ್ಯೋಪಿ ಅಳುತ್ತಾ ಹೋದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಂದಿದ್ದಳು. ಅತ್ತೆ ಮಾತ್ರ ಏನೂ ಆಗದವಳ ಹಾಗೆ ಮೊಟ್ಟೆಗಳಿಗೆ ಎಣ್ಣೆ ಸವರಿ ಕನ್ನಡಿಯಂತೆ ಹೊಳೆಯಿಸಿದಳು.

ಭಾನುವಾರ ಫ್ರೋಸೊ ಯಾರಿಗೂ ಹೇಳದೆ ಒಂದು ತಟ್ಟೆ ಅಲಂಕರಿಸಿ ತಂದಳು. ಮೊಟ್ಟೆಯನ್ನು ಉದ್ದಕ್ಕೆ ಸೀಳಿ, ಮೂಲಂಗಿಯ ಬಿಲ್ಲೆಯನ್ನು ಹಾಯಿಯಂತೆ ಕಡ್ಡಿಗೆ ಸಿಕ್ಕಿಸಿ, ಹಸಿರು ಸೊಪ್ಪಿನ ಮೇಲೆ ಸಾಲಾಗಿ ನಿಲ್ಲಿಸಿದ್ದಳು. "ದೋಣಿಗಳು! ಮುಂದಿರೋದು ಅಪ್ಪಂದು," ಎಂದಳು. ಕಡ್ಡಿ ನೆಟ್ಟಗಿದೆಯೋ ಎಂದು ಮತ್ತೆ ಮತ್ತೆ ನೋಡುತ್ತಿದ್ದಳು. ಅಕ್ಕ, ನಮ್ಮಿಬ್ಬರಿಗೂ ಒಂದನ್ನೂ ಕಚ್ಚಲಾಗಲಿಲ್ಲ. ಕಲ್ಯೋಪಿಯನ್ನು ಹೆದರಿಸಿ ಓಡಿಸಿದ ಅತ್ತೆ, "ಹೊಟ್ಟೆ ತುಂಬಿದೆ ಚಿನ್ನ, ಇವು ಇಲ್ಲೇ ಲಂಗರು ಹಾಕಿರ್ಲಿ," ಎಂದು ಮುಖ ತಿರುಗಿಸಿದಳು. ಸಂಜೆಯವರೆಗೂ ತಟ್ಟೆ ಹಾಗೇ ಇತ್ತು. ಮೂಲಂಗಿ ಸೊರಗಿ ಹಾಯಿಗಳೆಲ್ಲ ಬಾಗಿದ್ದವು. ಆಮೇಲೆ ಬೆಕ್ಕಿಗೆ ಹಾಕಿದೆ.

ಭಾವನ ಬೆನ್ನುನೋವಿಗೆ ಬೆಚ್ಚಗಿನ ಎಣ್ಣೆ ತಿಕ್ಕು. ಬಂದರಿನಲ್ಲಿ ಭಾರ ಎತ್ತುವಾಗ ಹುಷಾರಾಗಿರಲಿ. ಮಕ್ಕಳನ್ನು ತಾಯಿ ಮರಿಯಮ್ಮ ಕಾಪಾಡಲಿ, ನಿನ್ನ ಮನೆಯ ದೀಪ ಆರದಿರಲಿ.

ನಿನ್ನ ತಂಗಿ,
ಮರಿಯಾಂಥಿ

ಇನ್ನೊಂದು ಮಾತು. ಷೂಗಳ ಕೆಳಗೆ, ಹತ್ತಿಯಲ್ಲಿ ಸುತ್ತಿಟ್ಟ ಕೆಂಪು ಮೊಟ್ಟೆಗಳನ್ನು ಕಂಡೆ. ಒಂದೊಂದರ ಮೇಲೂ ಸೊಪ್ಪಿನೆಲೆಯ ಬಿಳಿ ಗುರುತು. ಎಲೆ ಒತ್ತಿ, ಹಳೆಯ ಕಾಲುಚೀಲದಲ್ಲಿ ಕಟ್ಟಿ ಬಣ್ಣಕ್ಕಿಳಿಸುವುದನ್ನು ಅಮ್ಮ ನಮ್ಮಿಬ್ಬರಿಗೂ ಒಟ್ಟಿಗೇ ಕಲಿಸಿದ್ದಳಲ್ಲ, ನಿನ್ನ ಕೈ ನನಗೆ ಗೊತ್ತಾಗದೆ ಇರುತ್ತದೆಯೇ? ಮದುವೆಯಾದ ಮೇಲೆ ನೀನು ಒಂದು ಹಬ್ಬಕ್ಕೂ ನನಗೆ ಮೊಟ್ಟೆ ಕಳುಹಿಸಿದವಳಲ್ಲ. ಜೊತೆಗಿದ್ದ ಕಾಗದದಲ್ಲಿ ಮಾತ್ರ "ಧೈರ್ಯವಾಗಿರು, ಸುದ್ದಿ ಏನೂ ಇಲ್ಲ" ಎಂದು ಬರೆದಿದ್ದೀಯ.

ಅವನ್ನು ಅತ್ತೆಗೆ ತೋರಿಸಿಲ್ಲ. ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಅಕ್ಕ, ಭಾವ ಬಂದರಿನಲ್ಲಿ ಏನು ನೋಡಿದ?